ಕೂಡಿ ಕಳೆದು ಹಾರುವ ಲೆಕ್ಕ

2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಹಾರಿಸಿದ ವಿಮಾನಕ್ಕೆ ಆಗಿನ್ನೂ ತೇಜಸ್ ಎಂಬ ಹೆಸರು ಬಂದಿರಲಿಲ್ಲ. ಹಗುರ ಯುದ್ಧವಿಮಾನ ಎಂದಷ್ಟೇ ಕರೆಯುತ್ತಿದ್ದರು. ಅದರ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರೆ ಏನೋ ಕಡಿಮೆಯಾದಂತೆ ಕಾಣುತ್ತದೆ. ಹಿಂದೆ ನೆಟ್ಟಗೆ ನಿಂತ ರಡರ್ ಇದೆ, ಆದರೆ ಪ್ರಯಾಣಿಕ ವಿಮಾನಗಳ ಬಾಲದಲ್ಲಿ ಅಡ್ಡಕ್ಕೆ ಚಾಚಿಕೊಂಡಿರುವ ಪುಟ್ಟ ರೆಕ್ಕೆಗಳಿಲ್ಲ. ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಎಂಬ ಹಲಗೆ ಇರುವುದೇ ಆ ಪುಟ್ಟ ರೆಕ್ಕೆಗಳಲ್ಲಿ. ಅದೇ ಇಲ್ಲದ ಮೇಲೆ ವಿಮಾನ ಮೂತಿ ಎತ್ತುವುದು ಹೇಗೆ?

ದೊಡ್ಡ ತ್ರಿಕೋನ ರೆಕ್ಕೆಯ ಹಿಂಅಂಚಿನಲ್ಲಿರುವ ಹಲಗೆಗಳೇ ಎರಡೂ ಕೆಲಸ ಮಾಡುತ್ತವೆ. ಎಡ ಬಲ ಎರಡೂ ಒಟ್ಟಿಗೆ ಮೇಲೆದ್ದರೆ ಮೂತಿ ಮೇಲೇಳುತ್ತದೆ. ಒಂದು ಎದ್ದು ಇನ್ನೊಂದು ಇಳಿದರೆ ವಿಮಾನ ಪಕ್ಕಕ್ಕೆ ಹೊರಳುತ್ತದೆ. ಮೂತಿ ಎತ್ತುವ ಎಲಿವೇಟರ್ ಮತ್ತು ಪಕ್ಕಕ್ಕೆ ಹೊರಳಿಸುವ ಏಲೆರಾನ್ ಎರಡನ್ನೂ ಸೇರಿಸಿ ಇವಕ್ಕೆ ಎಲಿವಾನ್ ಎಂದು ಹೆಸರು. ಕಾಂಕಾರ್ಡ್ ವಿಮಾನದಲ್ಲೂ ಇದ್ದವು ಇವೇ. ಫೋಮ್‌ಬೋರ್ಡ್ ಕತ್ತರಿಸಿ, ಹಾಟ್ ಗ್ಲೂ ಅಂಟಿಸಿ, ಹಲಗೆ ಅಲುಗಿಸಲು ಎರಡು ಪುಟ್ಟ ಸರ್ವೊ ಮೋಟರ್ ಕೂರಿಸಿ ಹುಡುಗರು ಮನೆಯಲ್ಲಿ ಮಾಡಿಕೊಳ್ಳುವ ಡೆಲ್ಟಾ ವಿಮಾನದಲ್ಲೂ ಇರುವುದು ಇವೇ.

ಆಲಮಟ್ಟಿ ಬಳಿಯ ನಿಡಗುಂದಿಯ ಸುತ್ತಲಿನ ನೆಲಕ್ಕೆ ಈ ಬಾಲವಿಲ್ಲದ ಆಕಾರ ಚೆನ್ನಾಗಿ ಒಪ್ಪುತ್ತದೆ. ಜೋಳ, ಕಡಲೆ ಕೊಯ್ಲು ಮುಗಿದ ಎರೆ ಹೊಲ ಸಪಾಟಾಗಿರುತ್ತದೆ ನಿಜ, ಆದರೆ ಬೇಸಿಗೆಗೆ ಬಾಯಿಬಿಟ್ಟ ಬಿರುಕುಗಳಲ್ಲಿ ಪುಟ್ಟ ಗಾಲಿಗಳು ಸಿಕ್ಕಿ ಮುರಿಯುತ್ತವೆ, ಕೂಳೆಗೆ ಬಾಲ ತಗುಲಿ ಕಿತ್ತುಬರುತ್ತದೆ. ಡೆಲ್ಟಾಕ್ಕೆ ಗಾಲಿ ಬೇಡ, ಉದ್ದ ಬಾಲ ಇಲ್ಲ. ಕೈಯಿಂದ ಎಸೆದು ಹಾರಿಸಿ ಹೊಟ್ಟೆಯ ಮೇಲೆ ಇಳಿಸಬಹುದು. ಆಲಮಟ್ಟಿ ಅಣೆಕಟ್ಟು ಮತ್ತು ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ ಎರಡೂ ಹತ್ತಿರದಲ್ಲೇ ಇರುವುದರಿಂದ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಹೊಲ ಯಾವ ಬಣ್ಣದಲ್ಲಿದೆ ಎಂದು ನೋಡಿಕೊಳ್ಳಲೇಬೇಕು. 2021ರ ಡ್ರೋನ್ ನಿಯಮಗಳು ಕಲಿಕೆಗೆ, ಪ್ರಯೋಗಕ್ಕೆ, ಮನರಂಜನೆಗೆ ಹಾರಿಸುವ 25 ಕಿಲೋವರೆಗಿನ ಮಾದರಿ ವಿಮಾನಗಳನ್ನೂ ಹೆಸರಿಸಿವೆ, ಕಣ್ಣಳತೆಯಲ್ಲಿ ಮಾತ್ರ ಎಂಬ ಷರತ್ತಿನೊಂದಿಗೆ.

ಈಗ ಲೆಕ್ಕಕ್ಕೆ ಬರೋಣ. ಎತ್ತಿನ ಗಾಡಿ ಹೊಡೆಯುವವರ ಕೈಯಲ್ಲಿ ಎರಡು ಹಗ್ಗ ಇರುತ್ತವೆ. ಎರಡನ್ನೂ ಜಗ್ಗಿದರೆ ಗಾಡಿ ನಿಲ್ಲುತ್ತದೆ. ಬಲದ್ದನ್ನು ಜಗ್ಗಿ ಎಡದ್ದನ್ನು ಸಡಿಲ ಬಿಟ್ಟರೆ ಬಲಕ್ಕೆ ತಿರುಗುತ್ತದೆ. ನಿಲ್ಲಿಸಲು ಒಂದು ಹಗ್ಗ, ತಿರುಗಿಸಲು ಒಂದು ಹಗ್ಗ ಅಂತ ಬೇರೆ ಬೇರೆ ಇಲ್ಲ. ಎರಡು ಹಗ್ಗಗಳ ಮೊತ್ತ ಒಂದು ಆಜ್ಞೆ, ಎರಡರ ವ್ಯತ್ಯಾಸ ಇನ್ನೊಂದು ಆಜ್ಞೆ.

ರೇಡಿಯೊ ಟ್ರಾನ್ಸ್‌ಮಿಟರಿನಲ್ಲಿ ಇದು ತಲೆಕೆಳಗು. ಅಲ್ಲಿ ಬೆರಳ ತುದಿಯಲ್ಲಿರುವುದು ಆಜ್ಞೆಗಳು. ನಮ್ಮಲ್ಲಿ ಹೆಚ್ಚಿನವರು ಬಳಸುವ ಜೋಡಣೆಯಲ್ಲಿ ಬಲಗೈ ಸ್ಟಿಕ್ ಹಿಂದಕ್ಕೆ ಎಳೆದರೆ 'ಎತ್ತು', ಪಕ್ಕಕ್ಕೆ ದೂಡಿದರೆ 'ಹೊರಳು'. ಇವೆರಡನ್ನು ಎಡ ಸರ್ವೊ ಎಷ್ಟು, ಬಲ ಸರ್ವೊ ಎಷ್ಟು ಎಂದು ಹಂಚಿಕೊಡಬೇಕು. ಹಲಗೆ ಮೇಲೆ ಏಳುವುದನ್ನು ಕೂಡು ಎಂದೂ ಬಲಕ್ಕೆ ಹೊರಳುವುದನ್ನು ಕೂಡು ಎಂದೂ ಇಟ್ಟುಕೊಂಡರೆ ಸೂತ್ರ ಇಷ್ಟೇ:

ಬಲ ಹಲಗೆ = ಎತ್ತು + ಹೊರಳು
ಎಡ ಹಲಗೆ = ಎತ್ತು − ಹೊರಳು

ಹವ್ಯಾಸಿಗಳು ಮಿಕ್ಸ್ ಎನ್ನುವುದು ಇದಕ್ಕೇ. ಎಲಿವಾನ್ ಮಿಕ್ಸ್, ವಿ-ಟೇಲ್ ಮಿಕ್ಸ್, ಫ್ಲಾಪ್ ಮಿಕ್ಸ್ ಎಂದು ಮೆನುವಿನಲ್ಲಿ ಎಷ್ಟು ಹೆಸರಿದ್ದರೂ ಒಳಗೆ ನಡೆಯುವುದು ಇಷ್ಟೇ: ಒಂದು ಸ್ಟಿಕ್ಕಿನ ಬೆಲೆಯನ್ನು ಯಾವುದೋ ಪ್ರಮಾಣದಿಂದ ಗುಣಿಸಿ ಇನ್ನೊಂದು ಚಾನೆಲ್ಲಿಗೆ ಸೇರಿಸುವುದು. ಟ್ರಾನ್ಸ್‌ಮಿಟರಿನೊಳಗಿನ ಪುಟ್ಟ ಪ್ರೊಸೆಸರ್ ಈ ಲೆಕ್ಕವನ್ನು ಎಡೆಬಿಡದೆ ಮಾಡುತ್ತ ಉತ್ತರವನ್ನಷ್ಟೇ ಗಾಳಿಗೆ ಬಿಡುತ್ತದೆ. ವಿಮಾನದಲ್ಲಿರುವ ರಿಸೀವರ್ ಅದನ್ನು ಸರ್ವೊಗೆ ಅರ್ಥವಾಗುವ ಮಿಡಿತಗಳಾಗಿ ಬದಲಿಸುತ್ತದೆ. 1000 ಮೈಕ್ರೊಸೆಕೆಂಡಿನ ಮಿಡಿತ ಎಂದರೆ ಒಂದು ಕೊನೆ, 2000 ಎಂದರೆ ಇನ್ನೊಂದು ಕೊನೆ, 1500 ಎಂದರೆ ನಡುಮಧ್ಯ. ಮಾಮೂಲಿ ಸರ್ವೊಗೆ ಇಂಥ ಮಿಡಿತ ಸೆಕೆಂಡಿಗೆ 50 ಸಲ ತಲುಪುತ್ತದೆ. ತಾನು ಎಲಿವಾನಿಗೆ ಕಟ್ಟಿಕೊಂಡಿದ್ದೇನೆಯೋ ರಡರಿಗೋ ಎಂಬುದು ಸರ್ವೊಗೆ ಗೊತ್ತೇ ಇಲ್ಲ.

ಪ್ರೊಸೆಸರ್ ಇಲ್ಲದ ಕಾಲದಲ್ಲೂ ಎಲಿವಾನ್ ವಿಮಾನಗಳು ಹಾರುತ್ತಿದ್ದವು. ಜಾರುವ ತಟ್ಟೆಯೊಂದರ ಮೇಲೆ ಹೊರಳು ಸರ್ವೊವನ್ನು ಕೂರಿಸಿ, ಎತ್ತು ಸರ್ವೊ ಆ ತಟ್ಟೆಯನ್ನೇ ಹಿಂದೆ ಮುಂದೆ ದೂಡುವಂತೆ ಮಾಡುತ್ತಿದ್ದರು. ಒಂದರ ಚಲನೆಯ ಮೇಲೆ ಇನ್ನೊಂದರ ಚಲನೆ ತಾನಾಗಿ ಸೇರಿಕೊಳ್ಳುತ್ತಿತ್ತು. ಹೀಗೆ ತಂತಿ, ಕೀಲು, ತಟ್ಟೆಗಳಿಂದ ಸಂಕಲನ ಮಾಡಿದವರ ಬುದ್ಧಿವಂತಿಕೆಯ ಮುಂದೆ ಮೆನುವಿನಲ್ಲಿ 'ಎಲಿವಾನ್: ಆನ್' ಎಂದು ಒತ್ತುವ ನಮ್ಮ ಕೆಲಸ ತೀರ ಸಪ್ಪೆ.

ಆದರೆ ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸರ್ವೊಗೆ ಒಂದು ಮಿತಿ ಇದೆ, ನೂರು ಎಂದರೆ ನೂರು. ಸೂತ್ರವನ್ನು ಹಾಗೇ ಬಿಟ್ಟು ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆಳೆದು ಅರ್ಧ ಬಲಕ್ಕೆ ಒತ್ತಿ ನೋಡಿ. ಎತ್ತು 100, ಹೊರಳು 50. ಎಡ ಹಲಗೆಗೆ 50 ಹೋಯಿತು, ಸರಿ. ಬಲ ಹಲಗೆಗೆ 150 ಹೋಗಬೇಕು, ಹೋಗುವುದು 100 ಮಾತ್ರ. ಈಗ ವಿಮಾನದ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. 50 ಮತ್ತು 100ರ ಸರಾಸರಿ 75, ಅದು ವಿಮಾನಕ್ಕೆ ನಿಜವಾಗಿ ಸಿಕ್ಕ ಎತ್ತು. ಅವೆರಡರ ವ್ಯತ್ಯಾಸದ ಅರ್ಧ 25, ಅದು ಸಿಕ್ಕ ಹೊರಳು. ಕೇಳಿದ್ದು ಎರಡಕ್ಕೊಂದರ ಪ್ರಮಾಣದಲ್ಲಿ, ಸಿಕ್ಕಿದ್ದು ಮೂರಕ್ಕೊಂದರ ಪ್ರಮಾಣದಲ್ಲಿ. ವಿಮಾನ ಕೆಟ್ಟಿಲ್ಲ, ಬ್ಯಾಟರಿ ಇಳಿದಿಲ್ಲ, ಸಿಗ್ನಲ್ ಕಡಿದಿಲ್ಲ, ಆದರೂ ಹೇಳಿದ ಮಾತು ಅರ್ಧ ಕೇಳಿದಂತೆ ವರ್ತಿಸುತ್ತದೆ. ಕಡಿದಾದ ತಿರುವಿನಿಂದ ವಿಮಾನವನ್ನು ಮಟ್ಟಕ್ಕೆ ತಂದು ಮೂತಿ ಎತ್ತಬೇಕಾದ ಕ್ಷಣದಲ್ಲಿ, ಎರಡೂ ಆಜ್ಞೆಗಳು ಒಮ್ಮೆಗೇ ಬೇಕಾದಾಗಲೇ, ಹೀಗಾಗುತ್ತದೆ.

ಸಾಮಾನ್ಯ ರೇಡಿಯೊಗಳು ಎಲಿವಾನ್ ಮಿಕ್ಸಿಗೆ ಎರಡೂ 50 ಎಂಬ ಪ್ರಮಾಣ ಕೊಡುವುದು ಇದಕ್ಕಾಗಿಯೇ. ಅರ್ಧ ಮತ್ತು ಅರ್ಧ ಸೇರಿದರೆ ನೂರು, ಮಿತಿ ಎಂದೂ ಮೀರುವುದಿಲ್ಲ. ಬೆಲೆ ತೆರುವುದು ಬೇರೆ ಕಡೆ: ಬರೀ ಹೊರಳು ಪೂರ್ತಿ ಕೊಟ್ಟಾಗಲೂ ಹಲಗೆ ಅರ್ಧವೇ ಚಲಿಸುತ್ತದೆ. ಸರ್ವೊ ತೋಳಿನಲ್ಲಿ ಕಡ್ಡಿಯನ್ನು ಹೊರ ತೂತಿಗೆ ಹಾಕಿ ಆ ನಷ್ಟವನ್ನು ತುಂಬಿಕೊಳ್ಳಬಹುದು. ಎರಡೂ ಸಮ ಇರಬೇಕೆಂಬ ನಿಯಮವೂ ಇಲ್ಲ. ಡೆಲ್ಟಾಗಳಿಗೆ ಎತ್ತು 40, ಹೊರಳು 60 ಎಂದು ಶುರು ಮಾಡುವುದು ನನಗೆ ಸರಿ ಕಾಣುತ್ತದೆ. ಬಾಲವಿಲ್ಲದ ವಿಮಾನ ಮೂತಿಯ ವಿಷಯದಲ್ಲಿ ಚುರುಕು, ಸ್ವಲ್ಪ ಎಳೆದರೂ ಜಿಗಿಯುತ್ತದೆ. ಜೊತೆಗೆ, ಸ್ಟಿಕ್ ನಡುವೆ ಇರುವಾಗಲೂ ಎರಡೂ ಹಲಗೆಗಳು ಎರಡು ಮೂರು ಮಿಲಿಮೀಟರ್ ಮೇಲೆದ್ದೇ ಇರಬೇಕು. ಬಾಲ ಹಿಡಿದಿಡುತ್ತಿದ್ದ ಸಮತೋಲವನ್ನು ರೆಕ್ಕೆಯ ಹಿಂಅಂಚೇ ಹಿಡಿದಿಡಬೇಕಲ್ಲ.

ಇನ್ನು ಚಿಹ್ನೆಗಳ ಗೋಜಲು. ಮೊದಲ ಸಲ ಎಲಿವಾನ್ ಜೋಡಿಸಿದವರು ಸ್ಟಿಕ್ ಎಳೆದರೆ ವಿಮಾನದ ಒಂದು ಹಲಗೆ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಪಕ್ಕಕ್ಕೆ ದೂಡಿದರೆ ಎರಡೂ ಒಟ್ಟಿಗೆ ಏಳುತ್ತವೆ. ರೇಡಿಯೊ ಕೆಟ್ಟಿದೆ ಎಂದು ಬಹಳ ಮಂದಿ ತಿಳಿಯುವುದು ಇಲ್ಲೇ. ಎಡ ಸರ್ವೊ ಮಾತ್ರ ಉಲ್ಟಾ ತಿರುಗುತ್ತಿದ್ದರೆ ಮೇಲಿನ ಸೂತ್ರದ ಎರಡನೆಯ ಸಾಲು 'ಹೊರಳು − ಎತ್ತು' ಎಂದಾಗುತ್ತದೆ. ಆಗ ಎತ್ತು ಹೊರಳಾಗಿ, ಹೊರಳು ಎತ್ತಾಗಿ ಕಾಣುವುದು ಬೀಜಗಣಿತದ ಅನಿವಾರ್ಯ ಫಲ. ಎರಡೂ ಸರ್ವೊ ಉಲ್ಟಾ ಇದ್ದರೆ ಎಲ್ಲವೂ ವಿರುದ್ಧ. ಸರ್ವೊಗಳು ಸರಿ ಇದ್ದು ರಿಸೀವರಿಗೆ ಹೋಗುವ ಎರಡು ವೈರುಗಳು ಮಾತ್ರ ಅದಲುಬದಲಾಗಿದ್ದರೆ ಎತ್ತು ಸರಿ, ಹೊರಳು ವಿರುದ್ಧ. ಈ ಕಡೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಸ್ಟಿಕ್ ಎಳೆದು ನೋಡಿ 'ಸರಿಯಿದೆ' ಎಂದು ಎಸೆದುಬಿಡುವವರು ಬಹಳ.

ಪರಿಹಾರಕ್ಕೆ ಊಹೆ ಬೇಡ, ಕ್ರಮ ಸಾಕು. ವಿಮಾನದ ಹಿಂದೆ ನಿಂತು ಸ್ಟಿಕ್ ಎಳೆಯಿರಿ. ಯಾವ ಹಲಗೆ ಏಳುವುದಿಲ್ಲವೋ ಆ ಚಾನೆಲ್ಲನ್ನು ರಿವರ್ಸ್ ಮಾಡಿ. ಎರಡೂ ಎದ್ದವೋ, ಎತ್ತಿನ ಕೆಲಸ ಮುಗಿಯಿತು. ಈಗ ಬಲಕ್ಕೆ ದೂಡಿ. ಬಲ ಹಲಗೆ ಎದ್ದರೆ ಎಲ್ಲ ಸರಿ. ಇಳಿದರೆ ರಿವರ್ಸ್ ಮೆನುವಿಗೆ ಕೈ ಹಾಕಬೇಡಿ, ರಿಸೀವರಿನಲ್ಲಿ ಎರಡು ವೈರುಗಳನ್ನು ಅದಲುಬದಲು ಮಾಡಿ, ಮತ್ತೆ ಮೊದಲಿನಿಂದ ಸ್ಟಿಕ್ ಎಳೆದು ಇದೇ ಕ್ರಮದಲ್ಲಿ ನೋಡಿ. ಎರಡು ಸರ್ವೊ, ಎರಡು ವೈರು, ಒಟ್ಟು ಎಂಟು ಬಗೆಯ ಜೋಡಣೆಗಳು ಸಾಧ್ಯ. ಎಂಟರಲ್ಲಿ ಯಾವುದರಿಂದ ಹೊರಟರೂ ಈ ದಾರಿ ಸರಿಯಾದ ಜಾಗಕ್ಕೇ ಮುಟ್ಟಿಸುತ್ತದೆ. ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಇನ್ನೊಂದು ಮಾತು: ಮಿಕ್ಸ್ ಇರುವುದು ವಿಮಾನದಲ್ಲಲ್ಲ, ಕೈಯಲ್ಲಿರುವ ಪೆಟ್ಟಿಗೆಯಲ್ಲಿ. ಅದರಲ್ಲಿ ಹತ್ತಿಪ್ಪತ್ತು ವಿಮಾನಗಳ ನೆನಪು ಇರುತ್ತದೆ. ಬಾಲವಿರುವ ವಿಮಾನದ ಹೆಸರು ಪರದೆಯ ಮೇಲಿರುವಾಗ ಡೆಲ್ಟಾವನ್ನು ಎಸೆದರೆ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಪ್ರಯೋಜನವಿಲ್ಲ.

ವಿ ಆಕಾರದ ಬಾಲಕ್ಕೂ ಇದೇ ಸೂತ್ರ, ಹೊರಳಿನ ಜಾಗದಲ್ಲಿ ರಡರ್ ಬರುತ್ತದೆ ಅಷ್ಟೆ. ಪೋಲೆಂಡಿನ ಇಂಜಿನಿಯರ್ ಯೆರ್ಜಿ ರುಡ್ಲಿಟ್ಸ್ಕಿ 1930ರಲ್ಲಿ ಪೇಟೆಂಟ್ ಮಾಡಿದ ಈ ಬಾಲ 1947ರಲ್ಲಿ ಮಾರುಕಟ್ಟೆಗೆ ಬಂದ ಬೀಚ್‌ಕ್ರಾಫ್ಟ್ ಬೊನಾಂಜಾದಿಂದ ಹೆಸರಾಯಿತು. ಅದರ ಮಿಕ್ಸ್ ಪೂರ್ತಿ ಯಾಂತ್ರಿಕ.

ಇಲ್ಲಿಯವರೆಗೆ ನೋಡಿದ್ದು ಅನಿವಾರ್ಯದ ಮಿಕ್ಸ್, ಅದಿಲ್ಲದೆ ಆ ವಿಮಾನ ಹಾರುವುದೇ ಇಲ್ಲ. ಇನ್ನೊಂದು ಜಾತಿ ಇದೆ: ವಿಮಾನದ ದುರಭ್ಯಾಸಗಳನ್ನು ತಿದ್ದುವ ಮಿಕ್ಸ್. ಅದರ ಮೊದಲ ದಾಖಲೆ ರೈಟ್ ಸಹೋದರರದ್ದೇ. ಅವರ 1901ರ ಗ್ಲೈಡರ್‌ನಲ್ಲಿ ರೆಕ್ಕೆಯ ತುದಿ ತಿರುಚಿ ಒಂದು ಪಕ್ಕಕ್ಕೆ ವಾಲಿಸಿದರೆ ಮೂತಿ ಕೆಲವೊಮ್ಮೆ ವಿರುದ್ಧ ಪಕ್ಕಕ್ಕೆ ಹೊರಡುತ್ತಿತ್ತು. ಕಾರಣ ಸರಳ. ಮೇಲೇಳುವ ರೆಕ್ಕೆ ಹೆಚ್ಚು ಎತ್ತುಬಲ ಹುಟ್ಟಿಸುತ್ತದೆ, ಹೆಚ್ಚು ಎತ್ತುಬಲಕ್ಕೆ ಹೆಚ್ಚು ಎಳೆತ ಗಂಟುಬಿದ್ದಿರುತ್ತದೆ, ಆ ಎಳೆತ ಮೂತಿಯನ್ನು ತನ್ನ ಕಡೆಗೆ ಜಗ್ಗುತ್ತದೆ. ಬಲಕ್ಕೆ ಹೊರಳಲು ಹೋದರೆ ಮೂತಿ ಎಡಕ್ಕೆ. 1902ರ ಗ್ಲೈಡರ್‌ಗೆ ಅವರು ಹಿಂದೆ ಅಲುಗದ ನೆಟ್ಟ ಹಲಗೆಗಳನ್ನು ಹಾಕಿದರು, ಸಮಸ್ಯೆ ಬೇರೆ ರೂಪದಲ್ಲಿ ಮರಳಿತು. ಆಗ ಅಲುಗುವ ರಡರ್ ಮಾಡಿ ಅದರ ತಂತಿಯನ್ನು ರೆಕ್ಕೆ ತಿರುಚುವ ತಂತಿಗೇ ಕಟ್ಟಿಬಿಟ್ಟರು. ಒಂದು ಚಲನೆಗೆ ಎರಡು ಕೆಲಸ. ಇಂದಿನ ರೇಡಿಯೊದ ಏಲೆರಾನ್–ರಡರ್ ಮಿಕ್ಸ್ ಅದೇ. ಆದರೆ 1905ರ ವಿಮಾನದಲ್ಲಿ ಅದೇ ಸಹೋದರರು ಆ ಗಂಟನ್ನು ಬಿಚ್ಚಿ ರಡರಿಗೆ ಬೇರೆ ಹಿಡಿಕೆ ಕೊಟ್ಟರು.

ಬಿಚ್ಚಿದ್ದೇಕೆ? ಕಟ್ಟಿದ ಪ್ರಮಾಣ ಎಲ್ಲ ಹೊತ್ತಿಗೂ ಸರಿಹೊಂದುವುದಿಲ್ಲ. ಮೂತಿ ವಿರುದ್ಧ ದಿಕ್ಕಿಗೆ ಹೋಗುವ ಈ ಚಾಳಿ ನಿಧಾನಕ್ಕೆ ಹಾರುವಾಗ ಹೆಚ್ಚು, ವೇಗದಲ್ಲಿ ಕಡಿಮೆ. ಇಳಿಯುವ ವೇಗಕ್ಕೆ ಶೇಕಡ 30ರ ಮಿಕ್ಸ್ ಹಿತವಾಗಿದ್ದರೆ ಪೂರ್ತಿ ವೇಗದಲ್ಲಿ ಅದೇ 30 ಅತಿಯಾಗಿ ಮೂತಿ ಒಳಕ್ಕೆ ಜಾರುತ್ತದೆ. ಮಿಕ್ಸಿಗೆ ಕಣ್ಣಿಲ್ಲ. ಬೆರಳು ಎಷ್ಟು ಚಲಿಸಿತು ಎಂಬುದು ಮಾತ್ರ ಅದಕ್ಕೆ ಗೊತ್ತು, ವಿಮಾನ ಏನು ಮಾಡುತ್ತಿದೆ ಎಂಬುದು ಗೊತ್ತಿಲ್ಲ. ಹಾಗಾಗಿ ನನ್ನ ಒಲವು ಬೇರೆ ಉಪಾಯದ ಕಡೆಗೆ: ಇಳಿಯುವ ಏಲೆರಾನನ್ನು ಕಡಿಮೆ ಇಳಿಸಿ, ಏಳುವುದನ್ನು ಹೆಚ್ಚು ಏಳಿಸುವುದು. ಒಂದು ಕಡೆ 12 ಮಿಲಿಮೀಟರ್ ಎದ್ದರೆ ಇನ್ನೊಂದು ಕಡೆ 6 ಮಾತ್ರ ಇಳಿಯಲಿ. ಇದಕ್ಕೆ ಡಿಫರೆನ್ಷಿಯಲ್ ಎನ್ನುತ್ತಾರೆ. ಇದು ತೊಂದರೆಯನ್ನು ಹುಟ್ಟುವ ಜಾಗದಲ್ಲೇ ತಗ್ಗಿಸುತ್ತದೆ. ಉಳಿದದ್ದಕ್ಕೆ ಎಡಗೈ ಬೆರಳಿದೆ, ಕಲಿಯಲಿ. ಥ್ರಾಟಲ್ ಕೊಟ್ಟಾಗ ವಿಮಾನ ಮೂತಿ ಎತ್ತುತ್ತದೆ ಎಂದು ಥ್ರಾಟಲ್–ಎಲಿವೇಟರ್ ಮಿಕ್ಸ್ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಮೋಟರಿನ ಹಿಂದೆ ಒಂದು ವಾಷರ್ ಇಟ್ಟು ಅದನ್ನು ಎರಡು ಮೂರು ಡಿಗ್ರಿ ಕೆಳಕ್ಕೆ ಬಾಗಿಸಿದರೆ ಮುಗಿಯಿತು. ಸೊಟ್ಟಗೆ ಕಟ್ಟಿದ್ದನ್ನು ಸಾಫ್ಟ್‌ವೇರಿನಿಂದ ಮುಚ್ಚಬಾರದು.

ಇಳಿಯುವಾಗ ರೆಕ್ಕೆಯ ಹಿಂಅಂಚಿನಲ್ಲಿ ಕೆಳಕ್ಕೆ ಬಾಗಿಸುವ ಫ್ಲಾಪ್ ಮಾತ್ರ ಮಿಕ್ಸ್ ಬೇಡುತ್ತದೆ. ರೆಕ್ಕೆ ಮೇಲಿರುವ ತರಬೇತಿ ವಿಮಾನಗಳಲ್ಲಿ ಫ್ಲಾಪ್ ಇಳಿಸಿದ ಕೂಡಲೇ ಹೆಚ್ಚಿನವು ಮೂತಿ ಎತ್ತಿ ಉಬ್ಬಿಕೊಳ್ಳುತ್ತವೆ. ಫ್ಲಾಪಿನ ಜೊತೆ ಎಲಿವೇಟರ್ ತುಸು ಕೆಳಗಿಳಿಯುವಂತೆ ಮಾಡಿ, ಎರಡೂ ಒಂದೆರಡು ಸೆಕೆಂಡಿನಲ್ಲಿ ನಿಧಾನ ಚಲಿಸುವಂತೆ ಇಟ್ಟರೆ ವಿಮಾನ ಗಾಬರಿ ಮಾಡುವುದಿಲ್ಲ. ಎಷ್ಟು ಎಂಬುದನ್ನು ಸಾಕಷ್ಟು ಎತ್ತರದಲ್ಲಿ ಹಾರಿಸಿಯೇ ಕಂಡುಕೊಳ್ಳಬೇಕು. ಎಡ್ಜ್‌ಟಿಎಕ್ಸ್‌ನಂಥ ಮುಕ್ತ ತಂತ್ರಾಂಶದ ರೇಡಿಯೊಗಳಲ್ಲಿ ಇದಕ್ಕೆ ನೇರ ಪ್ರಮಾಣದ ಬದಲು ವಕ್ರರೇಖೆಯನ್ನೇ ಎಳೆಯಬಹುದು, ಏಕೆಂದರೆ ಫ್ಲಾಪಿನ ಮೊದಲ ಕಾಲುಭಾಗ ಹುಟ್ಟಿಸುವ ಉಬ್ಬು ಕೊನೆಯ ಕಾಲುಭಾಗಕ್ಕಿಂತ ಹೆಚ್ಚಿರುವುದುಂಟು. ಗ್ಲೈಡರ್ ಹಾರಿಸುವವರು ಒಂದು ಹೆಜ್ಜೆ ಮುಂದೆ ಹೋಗಿ ಫ್ಲಾಪುಗಳನ್ನು ಪೂರ್ತಿ ಇಳಿಸಿ ಎರಡೂ ಏಲೆರಾನುಗಳನ್ನು ಮೇಲೆತ್ತುತ್ತಾರೆ. ಎಳೆತ ದಿಢೀರನೆ ಏರಿ, ಎರಡು ಬದುಗಳ ನಡುವಿನ ಸಣ್ಣ ಹೊಲದಲ್ಲೂ ಇಳಿಸಲು ಬರುತ್ತದೆ.

ನಿಡಗುಂದಿಯ ಬೇಸಿಗೆಯಲ್ಲಿ ಇಳಿಯುವ ವೇಗವೇ ಬೇರೆ ಎಂಬುದನ್ನೂ ನೆನಪಿಡಬೇಕು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್, ಸುತ್ತಲಿನ ಹೊಲಗಳು ಅದಕ್ಕಿಂತ ತುಸು ಮೇಲೆ. 40 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿ ಸುಮಾರು 1.06 ಕಿಲೋ ತೂಗುತ್ತದೆ. ವಿಮಾನಶಾಸ್ತ್ರದ ಕೋಷ್ಟಕಗಳು ಮಾನಕವೆಂದು ಹಿಡಿಯುವ ಸಮುದ್ರಮಟ್ಟದ, 15 ಡಿಗ್ರಿಯ ಗಾಳಿ 1.225 ಕಿಲೋ. ಶೇಕಡ 13ರಷ್ಟು ತೆಳು ಗಾಳಿಯಲ್ಲಿ ವಿಮಾನ ತೇಲಲು ಶೇಕಡ 7ರಿಂದ 8ರಷ್ಟು ಹೆಚ್ಚು ವೇಗ ಬೇಕು. ಜನವರಿಯ ಮುಂಜಾನೆ ಸರಿಹೊಂದಿಸಿದ ವಿಮಾನ ಏಪ್ರಿಲ್ ಮಧ್ಯಾಹ್ನ ನೆಲಕ್ಕೆ ಜೋರಾಗಿ ಬರುವುದು ಇದರಿಂದ. ಇಂಥದ್ದಕ್ಕೆ ಹವ್ಯಾಸಿಯ ಬಳಿ ಇರುವ ಮದ್ದು ಮೂರು ಹಂತದ ಒಂದು ಸ್ವಿಚ್: ಏರುವುದಕ್ಕೆ ಒಂದು ಗುಂಪು ಮಿಕ್ಸ್, ಹಾರಾಟಕ್ಕೆ ಒಂದು, ಇಳಿಯುವುದಕ್ಕೆ ಒಂದು. ವೇಗವನ್ನು ಊಹಿಸಿ ಸ್ವಿಚ್ ತಿರುಗಿಸುವುದು ಮನುಷ್ಯನ ಕೆಲಸ.

ತೇಜಸ್ ಬೇರೆಯಾಗುವುದು ಇಲ್ಲಿ. ಅದು ಬೇಕೆಂತಲೇ ಅಸ್ಥಿರವಾಗಿ ರೂಪಿಸಿದ ವಿಮಾನ, ಬಿಟ್ಟರೆ ಮೂತಿ ತಾನಾಗಿ ನೆಟ್ಟಗಾಗುವುದಿಲ್ಲ. ಅಂಥದ್ದನ್ನು ಬರೀ ಕೂಡು ಕಳೆಯಿಂದ ಹಾರಿಸಲಾಗದು. ಅದರ ನಾಲ್ಕು ಸಮಾಂತರ ಜಾಲಗಳ ಡಿಜಿಟಲ್ ನಿಯಂತ್ರಣ ವ್ಯವಸ್ಥೆಗೆ ಬೇಕಾದ ನಿಯಮಗಳನ್ನು ಬೆಂಗಳೂರಿನ ಎನ್‌ಎಎಲ್ ಕೇಂದ್ರವಾಗಿದ್ದ ತಂಡ ರೂಪಿಸಿತು. ಪೈಲಟ್ ಸ್ಟಿಕ್ ಎಷ್ಟು ಎಳೆದರು ಎಂಬುದರ ಜೊತೆಗೆ ವಿಮಾನ ಈಗ ಎಷ್ಟು ವೇಗದಲ್ಲಿ ತಿರುಗುತ್ತಿದೆ, ರೆಕ್ಕೆ ಗಾಳಿಗೆ ಎಷ್ಟು ಕೋನದಲ್ಲಿದೆ ಎಂದು ಅಳೆದು, ಕೊರತೆಯನ್ನು ಲೆಕ್ಕ ಹಾಕಿ, ಕೊನೆಗೆ ಎಲಿವಾನುಗಳಿಗೆ ಆಜ್ಞೆ ಹೋಗುತ್ತದೆ. ಆ ಕೊನೆಯ ಹೆಜ್ಜೆಯಲ್ಲಿ ಮತ್ತೆ ಅದೇ ಹಂಚಿಕೆ, ಅದೇ ಮಿತಿಯ ಪ್ರಶ್ನೆ. ತೊಗರಿ ಹೊಲದ ಮೇಲೆ ಔಷಧ ಹೊಡೆಯುವ ಡ್ರೋನ್ ಕೂಡ ಹೀಗೇ. ಅದಕ್ಕೆ ಹಲಗೆಗಳಿಲ್ಲ, ಮೋಟರುಗಳಿವೆ. ಬಲಕ್ಕೆ ವಾಲಬೇಕಾದರೆ ಎಡದ ಮೋಟರುಗಳು ಜೋರಾಗುತ್ತವೆ. ಎಲ್ಲ ಮೋಟರುಗಳೂ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೆ ಜೋರಾಗಲು ಜಾಗವೇ ಇಲ್ಲ, ಆಗ ಅದರ ಕಂಪ್ಯೂಟರ್ ಒಟ್ಟು ಎತ್ತುಬಲವನ್ನು ತಗ್ಗಿಸಿಯಾದರೂ ವಾಲುವಿಕೆಗೆ ಜಾಗ ಮಾಡಿಕೊಡುತ್ತದೆ. ಎತ್ತರ ಸ್ವಲ್ಪ ಕಳೆದುಕೊಂಡರೂ ಪರವಾಗಿಲ್ಲ, ಮಗುಚಬಾರದು. ನಮ್ಮ ಡೆಲ್ಟಾದ ಮಿಕ್ಸಿಗೆ ಈ ವಿವೇಚನೆ ಇಲ್ಲ, 150 ಬಂದರೆ ಕಣ್ಣುಮುಚ್ಚಿ 100ಕ್ಕೆ ಕತ್ತರಿಸುತ್ತದೆ.

ನಿಡಗುಂದಿಯ ಮೇಲೆ ಹಾದುಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿ ದಕ್ಷಿಣಕ್ಕೆ ಚಿತ್ರದುರ್ಗ ಮುಟ್ಟುತ್ತದೆ. ಆ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ 2023ರ ಏಪ್ರಿಲ್ 2ರಂದು ತನ್ನ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಕಳಚಿಬಿಟ್ಟು ತಾನಾಗಿ ಓಡುದಾರಿಯ ಮೇಲೆ ಇಳಿಸಿತು. ಪುಷ್ಪಕ್ ಎಂದು ಕರೆಯುವ ಈ ವಾಹನಕ್ಕೂ ಎಲಿವಾನುಗಳೇ. 2024ರ ಜೂನ್ 23ರ ಮೂರನೆಯ ಪ್ರಯೋಗದಲ್ಲಿ ಅದನ್ನು ಓಡುದಾರಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಇಂಜಿನ್ ಇಲ್ಲ, ಮರುಪ್ರಯತ್ನಕ್ಕೆ ಅವಕಾಶವಿಲ್ಲ. ಹೊರಳಿ ಪಕ್ಕಕ್ಕೆ ಸರಿಯಬೇಕು, ಅದೇ ಹೊತ್ತಿಗೆ ಮೂತಿಯನ್ನೂ ಹಿಡಿತದಲ್ಲಿಡಬೇಕು, ಎರಡೂ ಅದೇ ಹಲಗೆಗಳಿಂದ. ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿದ ಮೇಲೆ ಪ್ಯಾರಾಚೂಟ್ ಬಿಚ್ಚಿ ವೇಗ 100ರ ಆಸುಪಾಸಿಗೆ ಇಳಿಯಿತು. ನಂತರ ಗಾಲಿಗಳ ಬ್ರೇಕು. ನೆಲದ ಮೇಲೆ ನೇರ ಓಡಿಸಿದ್ದು ರಡರ್ ಮತ್ತು ಮುಂಗಾಲಿ, ಎರಡೂ ಸೇರಿ. ಗಾಲಿಯಿರುವ ಮಾದರಿ ವಿಮಾನಗಳಲ್ಲೂ ಈ ಜೋಡಿ ಇದೆ, ರಡರ್ ಸ್ಟಿಕ್ಕಿಗೇ ಮುಂಗಾಲಿಯನ್ನು ಕಟ್ಟಿರುತ್ತಾರೆ. ವೇಗದಲ್ಲಿ ರಡರ್ ಕೆಲಸ ಮಾಡುತ್ತದೆ, ನಿಧಾನವಾದಂತೆ ಗಾಲಿ. ಎರಡಕ್ಕೂ ಒಂದೇ ವೈರು ಸೀಳಿ ಕೊಡುವ ಬದಲು ಗಾಲಿಗೆ ಬೇರೆ ಚಾನೆಲ್ ಕೊಟ್ಟು ಅದರ ಮಿಕ್ಸನ್ನು 30–40ಕ್ಕೆ ಇಳಿಸಿಡಿ. ಇಳಿಯುವ ವೇಗದಲ್ಲಿ ಗಾಲಿ ಪೂರ್ತಿ ತಿರುಗಿದರೆ ವಿಮಾನ ರೆಕ್ಕೆಯೂರಿ ಸುತ್ತುತ್ತದೆ.